ಬಾಣಂತಿಯ ಕೋಣೆಗೆ ಬಂದ ಗೆಳತಿ

ಚೊಚ್ಚಲ ಹೆರಿಗೆಗೆ ಹೆಣ್ಣುಮಗಳು ತವರಿಗೆ ಬರುವುದು ನಮ್ಮ ನಾಡಿನ ವಾಡಿಕೆ. ಬೆಚ್ಚನೆಯ ಕೋಣೆ, ಎಣ್ಣೆನೀರು, ತಾಯಿ ಅಜ್ಜಿಯರ ಆರೈಕೆ ಇವೆಲ್ಲ ಬಾಣಂತಿಗೆ ದೊರೆಯುವ ದೊಡ್ಡ ಆಸರೆ. ಆದರೆ ಅದೇ ಕೋಣೆಯಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬಹುಕಾಲದಿಂದ ಮನೆಮಾಡಿಕೊಂಡು ಬಂದಿದೆ. ಹೆರಿಗೆಯಾದ ಮೊದಲ ಎರಡು ಮೂರು ದಿನ ಬರುವ ಹಳದಿಯ ಗಟ್ಟಿ ಹಾಲು ಕೆಟ್ಟದ್ದೆಂದು ಬಗೆದು ಕೆಲವರು ಅದನ್ನು ಹಿಂಡಿ ಚೆಲ್ಲುತ್ತಾರೆ; ಹಸುಳೆಯ ನಾಲಗೆಗೆ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ಸವರುತ್ತಾರೆ.

ಇದು ಸೋಜಿಗವೇ ಸರಿ. ಹಸು ಈದ ಮನೆಯಲ್ಲಿ ಗಿಣ್ಣುಹಾಲು ಕರುವಿಗೆ ಮೊದಲು ಸಲ್ಲಬೇಕೆಂಬುದನ್ನು ನಮ್ಮ ರೈತನು ಬಲ್ಲ. ಮನುಷ್ಯಶಿಶುವಿನ ಗಿಣ್ಣು ಮಾತ್ರ ಮಣ್ಣುಪಾಲಾಗುತ್ತದೆ! ಮೊದಲ ದಿನ ಕೆಲವೇ ಚಮಚದಷ್ಟು ಬರುವ ಈ ಹಾಲಿನಲ್ಲಿ ಸಸಾರಜನಕ, 'ಎ' ಜೀವಸತ್ವ ಮತ್ತು ರೋಗಗಳನ್ನು ತಡೆಯುವ ಅಂಶಗಳು ಹೇರಳವಾಗಿವೆ. ಜೇನಾದರೋ ಒಂದು ವರ್ಷ ತುಂಬದ ಮಗುವಿಗೆ ಅಪಾಯಕರವಾಗಬಲ್ಲುದು.

ಹಾಲು ಉತ್ಪತ್ತಿಯಾಗುವ ಬಗೆಯನ್ನು ತಿಳಿದರೆ ಇನ್ನೊಂದು ಸಂಗತಿ ಸ್ಪಷ್ಟವಾಗುತ್ತದೆ. ಮಗು ಚೀಪಿದಾಗ ಆ ಸಂದೇಶವು ನರಗಳ ಮೂಲಕ ತಾಯಿಯ ಮೆದುಳನ್ನು ಮುಟ್ಟುತ್ತದೆ. ಆಗ ಒಸರುವ ಪ್ರೊಲ್ಯಾಕ್ಟಿನ್ ಎಂಬ ರಸವು ಹಾಲನ್ನು ಉತ್ಪಾದಿಸುತ್ತದೆ. ಆಕ್ಸಿಟೋಸಿನ್ ಎಂಬುದು ಅದನ್ನು ಹೊರಕ್ಕೆ ಹರಿಸುತ್ತದೆ. ನೋವು, ಚಿಂತೆಗಳು ಈ ಹರಿವನ್ನು ತಡೆಯುತ್ತವೆ. "ನಿನಗೆ ಹಾಲು ಸಾಲದು ಕಣಮ್ಮ" ಎಂದು ಹಿರಿಯರೊಬ್ಬರು ಮರುಕದಿಂದಲೇ ನುಡಿದರೂ ಎಳೆಯ ತಾಯಿ ಅಂಜುತ್ತಾಳೆ. ಸೀಸೆಯ ಹಾಲು ಮನೆಗೆ ಬರುತ್ತದೆ. ಹೊಟ್ಟೆ ತುಂಬಿದ ಮಗು ಎದೆಯನ್ನು ಚೀಪುವುದು ಕಡಿಮೆಯಾಗುತ್ತದೆ, ಹಾಲೂ ಇಳಿಯುತ್ತದೆ. ಆಡಿದ ಮಾತು ಹೀಗೆ ತಾನೇ ನಿಜವಾಗಿಬಿಡುತ್ತದೆ.

ಇಂತಹ ಹೊತ್ತಿನಲ್ಲಿ ಮನೆಗೇ ಬಂದು ಪಕ್ಕದಲ್ಲಿ ಕುಳಿತು ಧೈರ್ಯ ಹೇಳುವವರೊಬ್ಬರು ಬೇಕು. ಮಹಾರಾಷ್ಟ್ರದ ಗಡ್‌ಚಿರೋಲಿ ಜಿಲ್ಲೆಯಲ್ಲಿ ವೈದ್ಯ ದಂಪತಿಗಳಾದ ಅಭಯ ಬಂಗ್ ಮತ್ತು ರಾಣಿ ಬಂಗ್ ಅವರು ಹಳ್ಳಿಯ ಹೆಣ್ಣುಮಕ್ಕಳಿಗೇ ಈ ವಿದ್ಯೆಯನ್ನು ಕಲಿಸಿದರು. ಎದೆಹಾಲೂಡಿಸಲು ನೆರವು, ಮಗುವನ್ನು ಬೆಚ್ಚಗಿಡುವುದು, ಸೋಂಕಿಗೆ ಚಿಕಿತ್ಸೆ ಇವೆಲ್ಲ ಅದರಲ್ಲಿ ಸೇರಿದ್ದವು. ಇಂಥ ಆರೈಕೆ ದೊರೆತ 39 ಹಳ್ಳಿಗಳಲ್ಲಿ, ಅದು ದೊರೆಯದ ಹಳ್ಳಿಗಳಿಗೆ ಹೋಲಿಸಿದಾಗ ನವಜಾತ ಶಿಶುಗಳ ಮರಣವು ಶೇಕಡ 62ರಷ್ಟು ಇಳಿದುದನ್ನು 1999ರಲ್ಲಿ ಅವರು ಪ್ರಕಟಿಸಿದರು. 2011ರಿಂದ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ಇಂತಹ ಭೇಟಿಗಳನ್ನು ಕೈಗೊಂಡರು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಮನೆಗೆ ಬಂದು ನೋಡುವುದು ಕ್ರಮ.

ಬಂದವಳು ಮೊದಲು ಉಪದೇಶಕ್ಕೆ ತೊಡಗುವುದಿಲ್ಲ. ಮಗು ಹಾಲು ಕುಡಿಯುವುದನ್ನು ಸುಮ್ಮನೆ ನೋಡುತ್ತಾಳೆ. ಬಾಯಿ ಅಗಲವಾಗಿ ತೆರೆದಿದೆಯೇ? ಗಲ್ಲ ತಾಯಿಯ ಎದೆಗೆ ತಾಗಿದೆಯೇ? ತೊಟ್ಟಷ್ಟೇ ಬಾಯಿಗೆ ಸಿಕ್ಕಿದರೆ ತೊಟ್ಟು ಬಿರಿದು ತಾಯಿಗೆ ನೋವು, ಮಗುವಿಗೆ ಹಸಿವು. ಮಗುವನ್ನು ತುಸು ಹತ್ತಿರಕ್ಕೆ ತಿರುಗಿಸಿದರೆ ಎಷ್ಟೋ ವೇಳೆ ತೊಂದರೆ ನೀಗುತ್ತದೆ. ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಬಾರಿ ಹಾಲೂಡಿಸಬೇಕು. ಮೊದಲ ವಾರ ಕಳೆಯುವ ಹೊತ್ತಿಗೆ ಮಗು ದಿನಕ್ಕೆ ಆರು ಬಾರಿಯಾದರೂ ಮೂತ್ರ ಮಾಡುತ್ತಿದ್ದು, ತೂಕವೂ ಏರತೊಡಗಿದ್ದರೆ ಹಾಲು ಸಾಲುತ್ತಿದೆಯೆಂದೇ ತಿಳಿಯಬಹುದು. ನಿಜವಾಗಿಯೂ ಹಾಲು ಸಾಲದ ತಾಯಂದಿರೂ ಉಂಟು. ಅವರಿಗೆ ಬೇಕಾದುದು ವೈದ್ಯರ ಸಲಹೆ, ನಿಂದೆಯಲ್ಲ.

ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆಂದು ತಜ್ಞರು ಹೇಳುತ್ತಾರೆ. ಆದರೆ ಕೂಲಿಗೆ ಹೋಗುವ ತಾಯಿ ಅಷ್ಟು ದಿನ ಮನೆಯಲ್ಲಿರಬಲ್ಲಳೇ? ಅವಳು ಹಾಲನ್ನು ಶುಚಿಯಾದ ಬಟ್ಟಲಿಗೆ ಹಿಂಡಿಟ್ಟು ಹೋದರೆ ಮನೆಯವರು ಒಳಲೆಯಿಂದ ಕುಡಿಸಬಹುದು. ಸೀಸೆಯ ರಬ್ಬರು ತೊಟ್ಟಿನ ಸಂದಿಯಲ್ಲಿ ಕೊಳೆ ಉಳಿಯುತ್ತದೆ. ಒಳಲೆಯನ್ನು ತೊಳೆದು ಕುದಿಸುವುದು ಸುಲಭ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಈ ಪುಟ್ಟ ಪಾತ್ರೆಯನ್ನು ಇಂದು ಆಸ್ಪತ್ರೆಗಳ ಶಿಶು ವಿಭಾಗಗಳಲ್ಲಿಯೂ ಕಾಣಬಹುದು.