ಹೆಸರು ಹಿಡಿದು ಕೂಗುವ ಘೋಷಣೆಗಳು

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ–ಪಾಕಿಸ್ತಾನ ಟಿ-20 ವಿಶ್ವಕಪ್ ಪಂದ್ಯ ಶುರುವಾಗುವ ಮೊದಲು ನಮ್ಮ ಕೆ.ಎಲ್. ರಾಹುಲ್ ಮತ್ತು ರೋಹಿತ್ ಶರ್ಮಾ ಮೈದಾನದಲ್ಲಿ ಒಂದು ಮಂಡಿಯೂರಿ ಕೂತರು. ಟಿ.ವಿ. ಮುಂದಿದ್ದ ಮಕ್ಕಳು ಅದೇಕೆಂದು ಕೇಳಿದ್ದರೆ ಥಟ್ಟನೆ ಉತ್ತರ ಹೇಳುವುದು ಕಷ್ಟವಿತ್ತು. ಅಮೆರಿಕದ ಬೀದಿಗಳಲ್ಲಿ ಹುಟ್ಟಿದ ಕೆಲವು ಘೋಷಣೆಗಳನ್ನು ತಿಳಿದುಕೊಂಡರೆ ಆ ಮಂಡಿಯ ಅರ್ಥವೂ ತಿಳಿಯುತ್ತದೆ.

ಎಲ್ಲರೂ ಕೇಳಿರುವ, ಆ ಆಟಗಾರರು ಮಂಡಿಯೂರಿ ಬೆಂಬಲಿಸಿದ ‘ಬ್ಲ್ಯಾಕ್ ಲೈವ್ಸ್ ಮ್ಯಾಟರ್’ನಿಂದಲೇ ಹೊರಡೋಣ. ‘ಕಪ್ಪು ಜನರ ಜೀವಕ್ಕೂ ಬೆಲೆಯಿದೆ’ ಎಂಬ ಈ ಮಾತು ಚಳವಳಿಯಾಗಿದ್ದು 2013ರಲ್ಲಿ. ಅದರ ಹಿಂದಿನ ವರ್ಷ ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳರ ಹುಡುಗ ಗುಂಡೇಟಿಗೆ ಬಲಿಯಾಗಿದ್ದ. ಕೊಂದವನು ಪೊಲೀಸನಲ್ಲ, ಬಡಾವಣೆಯ ಕಾವಲಿಗೆ ತಾನಾಗಿ ನಿಂತಿದ್ದ ಒಬ್ಬ ನಿವಾಸಿ. ನ್ಯಾಯಾಲಯ ಅವನನ್ನು ನಿರ್ದೋಷಿಯೆಂದು ಬಿಟ್ಟಾಗ ಅಲಿಸಿಯಾ ಗಾರ್ಜಾ, ಪ್ಯಾಟ್ರಿಸ್ ಕಲರ್ಸ್, ಓಪಲ್ ಟೊಮೆಟಿ ಎಂಬ ಮೂವರು ಮಹಿಳೆಯರು ಈ ಮಾತನ್ನು ಹರಡಿದರು.

ಇನ್ನೊಂದು ಬಗೆಯ ಘೋಷಣೆಯನ್ನು ಯಾರೂ ಕೂತು ರಚಿಸಿದ್ದಲ್ಲ. ಅದು ಸತ್ತವರ ಕೊನೆಯ ಮಾತು. 2014ರ ಜುಲೈಯಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನಲ್ಲಿ, ಬಿಡಿ ಸಿಗರೇಟು ಮಾರುತ್ತಿದ್ದಾನೆಂಬ ಅನುಮಾನದ ಮೇಲೆ ಪೊಲೀಸರು ಎರಿಕ್ ಗಾರ್ನರ್ ಎಂಬಾತನ ಕುತ್ತಿಗೆಗೆ ತೋಳು ಬಿಗಿದು ಕೆಡವಿದರು. ‘ನನಗೆ ಉಸಿರಾಡಲು ಆಗುತ್ತಿಲ್ಲ’ ಎಂದು ಆತ ಹನ್ನೊಂದು ಸಲ ಹೇಳಿದ್ದು ವಿಡಿಯೊದಲ್ಲಿದೆ. ಆರು ವರ್ಷದ ನಂತರ, 2020ರ ಮೇ 25ರಂದು, ಮಿನಿಯಾಪೊಲಿಸ್‌ನಲ್ಲಿ ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಪೊಲೀಸನ ಮಂಡಿಯಡಿ ಸಿಕ್ಕಿದ್ದ ಜಾರ್ಜ್ ಫ್ಲಾಯ್ಡ್ ಬಾಯಿಂದಲೂ ಬಂದದ್ದು ಅದೇ ಮಾತು.

ಇಲ್ಲಿ ಸ್ವಲ್ಪ ನಿಲ್ಲೋಣ. ಫ್ಲಾಯ್ಡ್ ಸತ್ತ ಮೇಲೆ ಅಲ್ಲಿನ ಪೊಲೀಸ್ ಇಲಾಖೆ ಹೊರಡಿಸಿದ ಮೊದಲ ಪ್ರಕಟಣೆಯ ತಲೆಬರಹದ ಸಾರ ಇಷ್ಟು: ಪೊಲೀಸರೊಂದಿಗಿನ ಒಡನಾಟದ ವೇಳೆ ಆರೋಗ್ಯ ಕೆಟ್ಟು ವ್ಯಕ್ತಿಯೊಬ್ಬ ಸತ್ತ. ಅದರಲ್ಲಿ ಹೆಸರಿಲ್ಲ, ಮಂಡಿಯೂ ಇಲ್ಲ. ಹದಿನೇಳರ ಹುಡುಗಿಯೊಬ್ಬಳು ಫೋನಿನಲ್ಲಿ ಚಿತ್ರೀಕರಿಸಿರದಿದ್ದರೆ ದಾಖಲೆಯಾಗಿ ಉಳಿಯುತ್ತಿದ್ದದ್ದು ಅದೇ ಪ್ರಕಟಣೆ. ಸರ್ಕಾರಿ ಕಾಗದ ಯಾರನ್ನು ‘ವ್ಯಕ್ತಿಯೊಬ್ಬ’ ಎಂದು ಮುಗಿಸಿಬಿಡುತ್ತದೋ ಅವರ ಹೆಸರನ್ನು ಬೀದಿಯಲ್ಲಿ ಕೂಗಿ ದಾಖಲಿಸುವುದು ಈ ಘೋಷಣೆಗಳ ಕೆಲಸ ಎಂದು ನಾನು ತಿಳಿದಿದ್ದೇನೆ. ಈ ಕೆಲಸ ಹೊಸದೇನಲ್ಲ. 1920ರಿಂದ 1938ರವರೆಗೆ, ಕಪ್ಪು ಜನರನ್ನು ಎಲ್ಲೇ ಗುಂಪುಗೂಡಿ ಕೊಂದ ಸುದ್ದಿ ಬರಲಿ, ಅವರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಸ್ಥೆ ನ್ಯೂಯಾರ್ಕಿನ ತನ್ನ ಕಚೇರಿಯ ಹೊರಗೆ ‘ನಿನ್ನೆ ಒಬ್ಬನನ್ನು ಗುಂಪು ಸೇರಿ ಕೊಂದರು’ ಎಂಬ ಬಾವುಟ ಹಾರಿಸುತ್ತಿತ್ತು.

ಘೋಷಣೆಗೂ ಸಾಕ್ಷ್ಯಕ್ಕೂ ಇರುವ ಅಂತರವನ್ನು ಮಾತ್ರ ಮರೆಯಬೇಡಿ. 2014ರಲ್ಲಿ ಮಿಸ್ಸೂರಿಯ ಫರ್ಗ್ಯುಸನ್‌ನಲ್ಲಿ ಮೈಕೆಲ್ ಬ್ರೌನ್ ಎಂಬ ಯುವಕ ಪೊಲೀಸನ ಗುಂಡಿಗೆ ಬಲಿಯಾದಾಗ ‘ಕೈ ಮೇಲೆತ್ತಿದ್ದೇನೆ, ಗುಂಡು ಹೊಡೆಯಬೇಡಿ’ ಎಂಬ ಕೂಗು ಎದ್ದಿತು. ಆತ ಶರಣಾಗಿ ಕೈ ಎತ್ತಿದ್ದ ಎಂಬುದಕ್ಕೆ ನಂಬುವಂಥ ಆಧಾರ ಸಿಗಲಿಲ್ಲವೆಂದು ಮರುವರ್ಷ ಕೇಂದ್ರದ ನ್ಯಾಯ ಇಲಾಖೆ ಹೇಳಿತು. ಆದರೆ ಅದೇ ಇಲಾಖೆಯ ಇನ್ನೊಂದು ವರದಿ, ಫರ್ಗ್ಯುಸನ್ ಪೊಲೀಸರು ಕಪ್ಪು ಜನರ ಹಕ್ಕುಗಳನ್ನು ವರ್ಷಗಟ್ಟಲೆ ತುಳಿದಿದ್ದಾರೆಂದೂ ಹೇಳಿತು. ಎರಡನ್ನೂ ಓದಬೇಕು. ಒಂದನ್ನೇ ಹಿಡಿದು ವಾದಿಸುವವರು ಎರಡೂ ಕಡೆ ಇದ್ದಾರೆ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ‘ಸೇ ಹರ್ ನೇಮ್’, ಅಂದರೆ ‘ಅವಳ ಹೆಸರು ಹೇಳಿ’. ಮೆರವಣಿಗೆಯಲ್ಲಿ ಒಬ್ಬರು ಹೀಗೆ ಕೂಗುತ್ತಾರೆ, ಉಳಿದವರು ಸತ್ತವಳ ಹೆಸರನ್ನು ಉತ್ತರವಾಗಿ ಕೂಗುತ್ತಾರೆ. 2014ರ ಡಿಸೆಂಬರಿನಲ್ಲಿ ಕಾನೂನು ಪ್ರಾಧ್ಯಾಪಕಿ ಕಿಂಬರ್ಲಿ ಕ್ರೆನ್‌ಷಾ ಅವರ ಸಂಸ್ಥೆ ಇದನ್ನು ಆರಂಭಿಸಿತು. ಕ್ರೆನ್‌ಷಾ ತಮ್ಮ ಉಪನ್ಯಾಸದಲ್ಲಿ ಸಭಿಕರನ್ನೆಲ್ಲ ಎದ್ದು ನಿಲ್ಲಿಸಿ, ಪೊಲೀಸರಿಂದ ಸತ್ತವರ ಹೆಸರುಗಳನ್ನು ಓದುತ್ತ, ಗೊತ್ತಿಲ್ಲದ ಹೆಸರು ಬಂದ ಕೂಡಲೇ ಕೂರಲು ಹೇಳುತ್ತಾರೆ. ಗಂಡಸರ ಹೆಸರುಗಳಿಗೆ ಹೆಚ್ಚಿನವರು ನಿಂತೇ ಇರುತ್ತಾರೆ. ಹೆಂಗಸರ ಹೆಸರುಗಳು ಶುರುವಾದದ್ದೇ ತಡ, ಸಭೆ ಕೂತುಬಿಡುತ್ತದೆ.

ಒಂದು ಉದಾಹರಣೆ ನೋಡಿ. 2014ರ ನವೆಂಬರಿನಲ್ಲಿ ಕ್ಲೀವ್‌ಲೆಂಡ್‌ನ ಉದ್ಯಾನವೊಂದರಲ್ಲಿ ಆಟಿಕೆ ಪಿಸ್ತೂಲು ಹಿಡಿದಿದ್ದ ಹನ್ನೆರಡು ವರ್ಷದ ಟಮೀರ್ ರೈಸ್‌ನನ್ನು ಪೊಲೀಸನೊಬ್ಬ ಗುಂಡಿಟ್ಟು ಕೊಂದ. ಅದಕ್ಕೆ ಒಂಬತ್ತು ದಿನ ಮೊದಲು, ಅದೇ ಊರಿನಲ್ಲಿ, ಮಾನಸಿಕ ಅಸ್ವಸ್ಥತೆಯಿದ್ದ ಟನೀಷಾ ಆಂಡರ್ಸನ್‌ಗಾಗಿ ಮನೆಯವರೇ ಸಹಾಯ ಬೇಡಿ ಕರೆ ಮಾಡಿದ್ದರು. ಬಂದ ಪೊಲೀಸರ ಹಿಡಿತದಲ್ಲಿ ಆಕೆ ಸತ್ತಳು. ಹುಡುಗನ ಹೆಸರು ಲೋಕಕ್ಕೆ ಗೊತ್ತು. ಟನೀಷಾ ಹೆಸರನ್ನು ನೀವು ಮೊದಲು ಕೇಳುತ್ತಿರುವುದು ಬಹುಶಃ ಇಲ್ಲೇ.

ಹೆಸರು ಕೂಗುವುದರಲ್ಲೂ ಅಪಾಯವಿದೆ. ಹೋರಾಟದ ಹೆಸರಿನಲ್ಲಿ ಕೆಲವರು ತಮ್ಮ ಮಗನ ಸಾವಿನಿಂದ ಲಾಭ ಮಾಡಿಕೊಳ್ಳುತ್ತಿದ್ದಾರೆಂದು ಟಮೀರ್‌ನ ತಾಯಿ 2021ರಲ್ಲಿ ಬಹಿರಂಗವಾಗಿಯೇ ಆಕ್ಷೇಪಿಸಿದರು. ಅಂಗಿಯ ಮೇಲೆ ಹೆಸರು ಅಚ್ಚು ಹಾಕಿಸುವವರು ಮೊದಲು ಮನೆಯವರನ್ನು ಕೇಳುವುದು ಕನಿಷ್ಠ ಮರ್ಯಾದೆ.

ಹೆಸರು ಕೆಲವೊಮ್ಮೆ ಕಾನೂನಿನವರೆಗೂ ಹೋಗುತ್ತದೆ. 2020ರ ಮಾರ್ಚಿನಲ್ಲಿ ಲೂಯಿವಿಲ್‌ನಲ್ಲಿ ನಡುರಾತ್ರಿ ಬಾಗಿಲು ಒಡೆದು ಬಂದ ಪೊಲೀಸರ ಗುಂಡಿಗೆ ಬ್ರಿಯಾನಾ ಟೇಲರ್ ತಮ್ಮ ಮನೆಯಲ್ಲೇ ಬಲಿಯಾದರು. ಬಾಗಿಲು ತಟ್ಟದೆ ನುಗ್ಗಲು ಬಿಡುವ ವಾರಂಟ್‌ಗಳನ್ನು ಆ ನಗರ ಜೂನ್‌ನಲ್ಲಿ ನಿಷೇಧಿಸಿತು. ಆ ಕಾನೂನಿಗೆ ಇಟ್ಟಿರುವುದು ಬ್ರಿಯಾನಾ ಹೆಸರನ್ನೇ. ಜಾರ್ಜ್ ಫ್ಲಾಯ್ಡ್ ಹೆಸರಿನ ಪೊಲೀಸ್ ಸುಧಾರಣಾ ಮಸೂದೆಗೆ ಅಮೆರಿಕ ಸಂಸತ್ತಿನ ಕೆಳಮನೆ 2020ರಲ್ಲೂ 2021ರಲ್ಲೂ ಒಪ್ಪಿಗೆ ಕೊಟ್ಟಿತು. ಸೆನೆಟ್‌ನಲ್ಲಿ ಅದು ಎರಡು ಸಲವೂ ಪಾಸಾಗಲಿಲ್ಲ.