ಗುಳಿಗಿ ಪಾಕೀಟಿನ ಇಂಗ್ಲಿಷ್



ಒಂದು ದಿನ ನಮ್ಮ ಆಯಿ ಗುಳಿಗಿ ಪಾಕೀಟು ಕೊಟ್ಟು, "ತಮ್ಮಾ, ಇದರಾಗ ಏನ ಬರದಾರ ಓದು" ಅಂದಳು. ನನಗೆ ಇಂಗ್ಲಿಷ್ ಪದ್ಯ ಬಾಯಿಪಾಠ ಬರುತ್ತದೆ, ಅದು ಮಾತ್ರ ತಿಳಿಯಲಿಲ್ಲ. ನಾಚಿಕೆಯಾಯಿತು. ಮರುದಿನ ಗುರುಗಳನ್ನು ಕೇಳಿದೆ. ಗುಳಿಗಿಯ ಅವಧಿ ಮುಗಿದು 4 ತಿಂಗಳಾಗಿತ್ತು!

ಒಂದೊಂದು ಕೆಲಸಕ್ಕೆ ಒಂದೊಂದು ಇಂಗ್ಲಿಷ್ ಇದೆ. ನಮ್ಮ ಘಟಪ್ರಭಾ ರೇಲ್ವೆ ಸ್ಟೇಷನ್ನಿನಲ್ಲಿ 'ಅರೈವಲ್' ಅಂದರೆ ಗಾಡಿ ಬರುವುದು, 'ಡಿಪಾರ್ಚರ್' ಅಂದರೆ ಹೊರಡುವುದು. ದವಾಖಾನೆಯ ಇಂಗ್ಲಿಷ್ ಬೇರೆ:

ಎಂ.ಎಫ್.ಜಿ. – ತಯಾರಾದ ತಿಂಗಳು
ಇ.ಎಕ್ಸ್.ಪಿ. – ಅವಧಿ ಮುಗಿಯುವ ತಿಂಗಳು
ಬಿ.ಡಿ. – ದಿನಕ್ಕೆ 2 ಸಲ
ಟಿ.ಡಿ.ಎಸ್. – ದಿನಕ್ಕೆ 3 ಸಲ

ಕೊನೆಯ ಎರಡು ಮೂಲದಲ್ಲಿ ಲ್ಯಾಟಿನ್ ಭಾಷೆಯವು. ಡಾಕ್ಟರರು ಚೀಟಿಯಲ್ಲಿ ಬರೆಯುತ್ತಾರೆ.

ಕಲಿಯುವ ರೀತಿ:
1. ಮನೆಯಿಂದ ಖಾಲಿ ಪಾಕೀಟು ತರಬೇಕು.
2. ಈ ಅಕ್ಷರಗಳನ್ನು ಅದರಲ್ಲಿ ಹುಡುಕಬೇಕು.
3. ಒಬ್ಬರು ನರ್ಸ್, ಒಬ್ಬರು ರೋಗಿ ಆಗಬೇಕು. ನರ್ಸ್ 'ಆಫ್ಟರ್ ಫುಡ್' ಎಂದು ಓದಿ, "ಆಯಿ, ಉಂಡ ಮ್ಯಾಲೆ ತಗೋರಿ" ಎಂದು ಹೇಳಬೇಕು.

ನರ್ಸಿನ ಕೆಲಸ ಇಂಗ್ಲಿಷ್ ಓದುವುದರಲ್ಲಿ ಮುಗಿಯುವುದಿಲ್ಲ, ರೋಗಿಗೆ ಕನ್ನಡದಲ್ಲಿ ತಿಳಿಸಿದಾಗ ಮುಗಿಯುತ್ತದೆ. ನಮ್ಮಲ್ಲಿ ಯಾರಾದರೂ ನಾಳೆ ನರ್ಸ್ ಆಗಬಹುದು. ಇವತ್ತು ಮಾತ್ರ ಎಲ್ಲರೂ ಮನೆಯ ಗುಳಿಗಿ ನೋಡಿರಿ. ಅವಧಿ ಮುಗಿದಿದ್ದರೆ ದೊಡ್ಡವರಿಗೆ ಹೇಳಿರಿ.

– 7ನೇ ತರಗತಿಯ ವಿದ್ಯಾರ್ಥಿ