ಕಂಪ್ಯೂಟರಿಗೆ ಮತ್ತೆ ಏಳುವುದನ್ನು ಕಲಿಸುವುದು

ಮಕ್ಕಳೇ, ಕಂಪ್ಯೂಟರಿಗೆ ಹೊಸ ತಂತ್ರಾಂಶ ಹಾಕಿದ ಮೇಲೆ ‘ರೀಸ್ಟಾರ್ಟ್ ಮಾಡಿ’ ಎಂಬ ಸೂಚನೆ ಬರುವುದನ್ನು ನೋಡಿದ್ದೀರಲ್ಲವೇ? ಇದಕ್ಕೆ ರೀಬೂಟ್ ಎಂದೂ ಹೆಸರು. ಗುಂಡಿ ಒತ್ತಲು ಯಾರೂ ಇಲ್ಲದಿದ್ದರೂ ಯಂತ್ರ ತಾನೇ ಮಲಗಿ ತಾನೇ ಏಳಬೇಕು. ಇದು ಅಷ್ಟು ಸುಲಭವಲ್ಲ.

ಮನೆಯ ಒಲೆಯನ್ನು ನೆನಪಿಸಿಕೊಳ್ಳಿ. ಬೂದಿ ತೆಗೆದು, ಹೊಸದಾಗಿ ಕಡ್ಡಿ ಗೀರಿ ಹಚ್ಚುವುದು ಒಂದು ಬಗೆ. ಕೆಂಡ ಆರುವ ಮೊದಲೇ ಊದಿ ಉರಿಸುವುದು ಇನ್ನೊಂದು ಬಗೆ. ಕಂಪ್ಯೂಟರಿನಲ್ಲಿ ಮೊದಲನೆಯದು ‘ಕೋಲ್ಡ್’, ಎರಡನೆಯದು ‘ವಾರ್ಮ್’. 1981ರಲ್ಲಿ ಬಂದ ಐಬಿಎಂ ಪಿಸಿ ಹೊಸದಾಗಿ ಏಳುವಾಗ ತನ್ನ ಸ್ಮರಣೆಯನ್ನೆಲ್ಲ ಪರೀಕ್ಷಿಸಿಕೊಳ್ಳುತ್ತಿತ್ತು. ಅದಕ್ಕೆ ಸಮಯ ಹಿಡಿಯುತ್ತಿತ್ತು. ‘ವಾರ್ಮ್’ ಆದರೆ ಆ ಪರೀಕ್ಷೆ ಬಿಟ್ಟು ಬೇಗ ಏಳುತ್ತಿತ್ತು.

ಏಳಿಸುವ ದಾರಿಗಳೂ ಹಲವು. ಕೆಲವಂತೂ ತಮಾಷೆಯಾಗಿವೆ! ಹಳೆಯ ಪಿಸಿಗಳಲ್ಲಿ ಕೀಲಿಮಣೆಯನ್ನು ನೋಡಿಕೊಳ್ಳುವ ಚಿಪ್‌ನಿಂದ ಒಂದು ತಂತಿ ಪ್ರೊಸೆಸರಿಗೆ ಹೋಗುತ್ತಿತ್ತು. ಆ ಚಿಪ್‌ಗೆ ಆಜ್ಞೆ ಕೊಟ್ಟರೆ ಯಂತ್ರವೇ ಮತ್ತೆ ಏಳುತ್ತಿತ್ತು. ಇನ್ನೊಂದು ದಾರಿಯಲ್ಲಿ ಪ್ರೊಸೆಸರಿಗೆ ಬೇಕೆಂದೇ ತಪ್ಪು ಮಾಡಿಸುತ್ತಾರೆ. ತಪ್ಪನ್ನು ಸರಿಪಡಿಸಲು ಹೋದಾಗ ಎರಡನೆಯ ತಪ್ಪು, ಅದನ್ನು ಸರಿಪಡಿಸಲು ಹೋದಾಗ ಮೂರನೆಯ ತಪ್ಪು. ಆಗ ಪಿಸಿ ದಾರಿ ಕಾಣದೆ ಮೊದಲಿನಿಂದ ಶುರುಮಾಡುತ್ತದೆ. ಇವಲ್ಲದೆ ಯಂತ್ರ ತಯಾರಿಸಿದವರೇ ಇಟ್ಟಿರುವ ದಾರಿಗಳೂ ಇವೆ.

ಒಂದು ಯಂತ್ರದಲ್ಲಿ ನಡೆಯುವ ದಾರಿ ಇನ್ನೊಂದರಲ್ಲಿ ನಡೆಯದೆ ಹೋಗಬಹುದು. ಆಗ ಪರದೆ ಕಪ್ಪಾಗಿ ಯಂತ್ರ ಅಲ್ಲೇ ನಿಂತುಬಿಡುತ್ತದೆ. ಎದುರಿಗೇ ಇದ್ದರೆ ಗುಂಡಿ ಒತ್ತಬಹುದು. ಆದರೆ ಆ ಯಂತ್ರ ನೂರಾರು ಕಿಲೋಮೀಟರ್ ದೂರದ ಬೀಗ ಹಾಕಿದ ಕೋಣೆಯಲ್ಲಿದ್ದರೆ? ಯಾರಾದರೂ ಅಲ್ಲಿಗೆ ಹೋಗುವವರೆಗೆ ಅದನ್ನು ನಂಬಿದವರ ಕೆಲಸವೆಲ್ಲ ನಿಂತಂತೆಯೇ.

ಫಿನ್‌ಲೆಂಡಿನ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಆರಂಭಿಸಿದ ಲಿನಕ್ಸ್ ನಿಮಗೆ ಗೊತ್ತಿರಬಹುದು. ಅದರ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಾವ ದಾರಿಯಲ್ಲಿ ಏಳಬೇಕೆಂದು ಕರ್ನಲ್‌ಗೆ ಹಿಂದೆಯೂ ಹೇಳಬಹುದಿತ್ತು. ಆದರೆ ಆ ಮಾತನ್ನು ಅದು ಏಳುವ ಹೊತ್ತಿನಲ್ಲಿ ಮಾತ್ರ ಓದುತ್ತಿತ್ತು. ಅಂದರೆ, ಏಳುವ ರೀತಿಯನ್ನು ಬದಲಿಸಲು ಒಮ್ಮೆ ಮಲಗಿ ಏಳಲೇಬೇಕು! ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಾಯಿತು.

2021ರ ಫೆಬ್ರವರಿಯಲ್ಲಿ ಬಂದ 5.11ನೆಯ ಆವೃತ್ತಿಯಲ್ಲಿ ಈ ತೊಡಕು ಬಿಡಿಸಿದರು. ಹೇಗೆ ಗೊತ್ತೇ? ‘ರೀಬೂಟ್’ ಎಂಬ ಕಡತಕೋಶದಲ್ಲಿ ಪುಟ್ಟ ಪುಟ್ಟ ಕಡತಗಳನ್ನು ಇಟ್ಟರು. ‘ಮೋಡ್’ನಲ್ಲಿ ಕೋಲ್ಡ್, ವಾರ್ಮ್ ಮುಂತಾದ ಬಗೆ. ‘ಟೈಪ್’ನಲ್ಲಿ ದಾರಿ. ‘ಸಿಪಿಯು’ನಲ್ಲಿ ಯಾವ ಪ್ರೊಸೆಸರ್ ಈ ಕೆಲಸ ಮಾಡಬೇಕೆಂಬ ಸಂಖ್ಯೆ. ‘ಫೋರ್ಸ್’ನಲ್ಲಿ 1 ಎಂದು ಬರೆದರೆ ಬೇರೆ ಪ್ರೊಸೆಸರುಗಳಿಗಾಗಿ ಕಾಯುವುದಿಲ್ಲ. ಕಡತವನ್ನು ಓದಿದರೆ ಈಗಿನ ಆಯ್ಕೆ ತಿಳಿಯುತ್ತದೆ, ಹೊಸ ಪದ ಬರೆದರೆ ಆಯ್ಕೆ ಬದಲಾಗುತ್ತದೆ. ಯಂತ್ರ ನಡೆಯುತ್ತಿರುವಾಗಲೇ!

ಒಂದು ಕಡತಕ್ಕೆ ಒಂದೇ ವಿಷಯ. ನನಗೆ ಬಹಳ ಮೆಚ್ಚುಗೆಯಾದದ್ದು ಇದೇ. ಗೊತ್ತಿಲ್ಲದ ಪದ ಬರೆದರೆ ಕರ್ನಲ್ ಊಹಿಸಲು ಹೋಗುವುದಿಲ್ಲ, ‘ಇದು ತಪ್ಪು’ ಎಂದು ಹಿಂದಿರುಗಿಸುತ್ತದೆ. ಓದಲು ಎಲ್ಲರಿಗೂ ಬಿಡುತ್ತದೆ. ಬರೆಯುವ ಅಧಿಕಾರ ಯಂತ್ರದ ಮೇಲ್ವಿಚಾರಕರಿಗೆ ಮಾತ್ರ. ಮುಂದೆ ಇನ್ನೊಂದು ತಿದ್ದುಪಡಿಯೂ ಬಂತು: ಯಾವ ಯಂತ್ರಕ್ಕೆ ಯಾವ ಆಯ್ಕೆ ಅನ್ವಯಿಸದೋ ಆ ಕಡತ ಅಲ್ಲಿ ಕಾಣುವುದೇ ಇಲ್ಲ. ದೀಪವೇ ಇಲ್ಲದ ಕಡೆ ಸ್ವಿಚ್ ಏಕೆ?

ಈ ಕಡತಗಳು ಡಿಸ್ಕಿನಲ್ಲಿ ಇಲ್ಲ, ಸ್ಮರಣೆಯಲ್ಲಿ ಮಾತ್ರ ಇವೆ. ಆದ್ದರಿಂದ ಯಂತ್ರ ಮತ್ತೆ ಎದ್ದಾಗ ನೀವು ಬರೆದದ್ದು ಅಳಿಸಿಹೋಗಿರುತ್ತದೆ.

ಮಾಡಿ ನೋಡಿ: ನಾಲ್ಕು ಬೆಂಕಿಪೊಟ್ಟಣಗಳ ಮೇಲೆ ಆ ನಾಲ್ಕು ಕಡತಗಳ ಹೆಸರು ಅಂಟಿಸಿ. ಒಬ್ಬರು ಕರ್ನಲ್, ಒಬ್ಬರು ಮೇಲ್ವಿಚಾರಕರು. ಉಳಿದವರು ಚೀಟಿ ಬರೆದು ಕೊಡಲಿ. ಒಪ್ಪಬಹುದಾದ ಪದಗಳ ಪಟ್ಟಿ ಕರ್ನಲ್ ಬಳಿ ಇರಲಿ. ಯಾರ ಚೀಟಿ, ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂದು ನಿಮ್ಮ ಪುಸ್ತಕದಲ್ಲಿ ಬರೆಯಿರಿ.